ಓಮಕ್ಕನ ಬಿಳಿ ಸೀರೆ

ಪಂಕ್ಚರ್ ವೇಲಪ್ಪ ಸತ್ತ ದಿನ ನಾನು ನಕ್ಕಷ್ಟು ನನ್ನ ಜನ್ಮದಲ್ಲಿ ನಕ್ಕಿಲ್ಲ. ಹೀಗೆಂದೆನೆಂದು ನನ್ನನ್ನು ಕೆಟ್ಟ ಹೆಂಗಸು ಅಂದುಕೊಳ್ಳಬೇಡಿ. ವೇಲಪ್ಪ ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಹೆದ್ದಾರಿ ಪಕ್ಕದ ಅದೇ ತಗಡಿನ ಶೆಡ್ಡಿನಲ್ಲಿ ಲಾರಿ ಟೈರು ಬಿಚ್ಚುತ್ತಿದ್ದಾನೆ. ನಾನು ಹೇಳಹೊರಟಿದ್ದು ಅವನ ಕಥೆಯೂ ಅಲ್ಲ, ಅವನ ಹೆಂಡತಿ ಓಮಕ್ಕನದು. ಆದರೆ ಓಮಕ್ಕ ಪೂರ್ತಿ ನಮ್ಮೂರಿನವಳಾದದ್ದು ಅವಳ ಗಂಡ ಸಾಯದೇ ಹೋದ ಆ ದಿನ. ಅದಕ್ಕೇ ಅದನ್ನು ಮೊದಲೇ ಹೇಳಿಬಿಟ್ಟೆ.

ಅವರು ಕಾನಹೊಸಹಳ್ಳಿಗೆ ಬಂದದ್ದು ತೊಂಬತ್ತೊಂದರಲ್ಲಿ. ಕೊಟ್ಟೂರಿನವಳಾದ ನಾನು ಸೊಸೆಯಾಗಿ ಇಲ್ಲಿಗೆ ಬಂದದ್ದೂ ಅದೇ ವರ್ಷ. ಓಮಕ್ಕನ ಗಂಡನ ನಿಜವಾದ ಹೆಸರು ವೇಲಾಯುಧನ್, ಪಾಲಕ್ಕಾಡಿನ ಕಡೆಯ ಒಂದು ಹಳ್ಳಿಯವನು. ಅಷ್ಟುದ್ದದ ಹೆಸರನ್ನು ನಮ್ಮೂರಿನ ನಾಲಿಗೆ ಒಪ್ಪಲಿಲ್ಲ, ವಾರದೊಳಗೆ ಅವನು ವೇಲಪ್ಪನಾದ. ಹೆಂಡತಿ ಓಮನಾ ಓಮಕ್ಕನಾದಳು. ಕಂಕುಳಲ್ಲಿದ್ದ ಕೂಸು ಬಿಂದು ಮಾತ್ರ ಬಿಂದುವಾಗಿಯೇ ಉಳಿದಳು. ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚುತ್ತಿದ್ದ ಕಾಲ ಅದು, ಪಂಕ್ಚರ್ ಅಂಗಡಿ ಹಾಕಲು ಕೇರಳದಿಂದ ಜನ ಬರುತ್ತಿದ್ದರು. ವೇಲಪ್ಪನೂ ಹಾಗೆ ಬಂದು, ಮೈಲಪ್ಪನ ಚಹಾದಂಗಡಿಯ ಪಕ್ಕ ಶೆಡ್ಡು ಹಾಕಿದ. ಇರಲು ನಮ್ಮ ಹಿತ್ತಲಮನೆ ಬಾಡಿಗೆಗೆ ಕೇಳಿದ.

ಮನೆ ಕೊಡುವುದು ಬಿಡುವುದು ನಮ್ಮತ್ತೆ ಕೊಟ್ರಬಸಮ್ಮನವರ ಕೈಯಲ್ಲಿತ್ತು. ನನ್ನ ಗಂಡ ಸೋಮಶೇಖರ್ ಬೀಜ ಗೊಬ್ಬರದ ಅಂಗಡಿಯ ಯಜಮಾನ; ಮನೆಗೆ ಬಂದರೆ ಅವ್ವನ ಮಗ, ಅಷ್ಟೇ. ಅತ್ತೆ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಕುಲ ಕೇಳಿದರು. ವೇಲಪ್ಪ ಹೇಳಿದ ಹೆಸರು ನಮ್ಮೂರಿನ ಯಾವ ಲೆಕ್ಕಕ್ಕೂ ಸಿಗಲಿಲ್ಲ.

"ಅದು ಏನರ ಇರಲಿ," ಎಂದರು ಅತ್ತೆ. "ನಮ್ಮದು ಲಿಂಗವಂತರ ಮನಿ. ಮೀನ ವಾಸನಿ ಬಂತಂದ್ರ ಅವತ್ತೇ ಸಾಮಾನು ಹೊರಗ ಇಡ್ತೀನಿ. ನೋಡ್ಕೊಳ್ರಿ."

ವೇಲಪ್ಪ ತಲೆಯಾಡಿಸಿದ. ಅವನಿಗೆ ಆಗ 'ಮನಿ' ಎಂಬ ಒಂದು ಮಾತು ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ.

ಮೀನಿನ ವಾಸನೆ ಬರಲಿಲ್ಲ, ಕೊಬ್ಬರಿ ಎಣ್ಣೆಯದು ಬಂತು. ಓಮಕ್ಕ ಮೊದಲ ದಿನ ಒಗ್ಗರಣೆ ಹಾಕಿದಾಗ ನಮ್ಮ ಓಣಿಯ ಹೆಂಗಸರೆಲ್ಲ ಹಿತ್ತಲ ಬಾಗಿಲಿಗೆ ಬಂದು ಮೂಗು ಅರಳಿಸಿದರು. ಹೂ ಮಾರುವ ಅಂಜಿನಕ್ಕ, "ಅಯ್ಯ, ತಲಿಗೆ ಹಚ್ಚೋ ಎಣ್ಣ್ಯಾಗ ಪಲ್ಯ ಮಾಡ್ತಾಳಲ್ರೀ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಓಮಕ್ಕನಿಗೂ ನಮ್ಮದು ವಿಚಿತ್ರವೇ ಆಗಿತ್ತು. ರೊಟ್ಟಿ ತಟ್ಟುವ ಸಪ್ಪಳಕ್ಕೆ ಹೆದರಿ, ಬೆಳಗಾದರೆ ಇವರು ಯಾರನ್ನು ಹೊಡೆಯುತ್ತಾರೆ ಎಂದು ಗಂಡನನ್ನು ಕೇಳಿದ್ದಳಂತೆ. ಆಮೇಲೆ ತಾನೇ ಹೇಳಿ ನಗಿಸಿದಳು.

ವರ್ಷ ತುಂಬುವುದರೊಳಗೆ ಅವಳು ರೊಟ್ಟಿ ಕಲಿತಳು, ಕನ್ನಡ ಕಲಿತಳು, ಜಗಳವನ್ನೂ ಕಲಿತಳು. ಕಿಟಕಿಯ ಬಳಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಜಂಪರುಗಳನ್ನೆಲ್ಲ ತಾನೇ ಹೊಲಿದಳು. ಯಾರ ಮೈ ಎಷ್ಟು ದಪ್ಪವಾಯಿತೆಂದು ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಹೊರಗೆ ಬಾಯಿ ಬಿಡುತ್ತಿರಲಿಲ್ಲ, ಅದಕ್ಕೇ ಎಲ್ಲರಿಗೂ ಬೇಕಾದವಳಾದಳು. ನನ್ನತ್ತೆಗಂತೂ ಅವಳೆಂದರೆ ಪ್ರಾಣ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚು, ಅವಳು ಮಾಡಿದ್ದಕ್ಕೆ ಹದ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಬಳೆಗಾರ ಬಂದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು, "ಬರೀ ಒಂದು ಬಂಗಾರದ ಬಳಿ ಹಾಕ್ಕೊಂಡ್ರ ಮುತ್ತೈದಿ ಕೈ ಅಂತಾರೇನ?" ಎಂದು ಬೈದು, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದವರು ನಮ್ಮತ್ತೆಯೇ. ಆಮೇಲೆ ಆ ಬಳೆಗಳಿಲ್ಲದೆ ಓಮಕ್ಕನನ್ನು ನಾವು ನೋಡಿದ್ದೇ ಇಲ್ಲ.

ತಮ್ಮ ಕೈ ಮಾತ್ರ ಅತ್ತೆ ಬರಿದಾಗಿಯೇ ಇಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಅವರು ಬಿಳಿ ಸೀರೆ ಬಿಟ್ಟು ಬೇರೆ ಉಟ್ಟಿರಲಿಲ್ಲ. ಮನೆಯಲ್ಲಿ ಹುಲಿಯ ಹಾಗಿದ್ದವರು ಶುಭಕಾರ್ಯ ಬಂತೆಂದರೆ ಅಡುಗೆಮನೆ ಬಾಗಿಲ ಹಿಂದೆ ಸರಿಯುತ್ತಿದ್ದರು. ನನ್ನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನವೂ ಹಾಗೆಯೇ. ಬಾಗಿಲ ಸಂದಿಯಿಂದ ಅವರ ಅರ್ಧ ಮುಖ ಕಾಣುತ್ತಿತ್ತು. ನಾನು ಒಳಗೆ ಹೋಗಿ ಕೈ ಹಿಡಿದು ಎಳೆದೆ. "ಸುಮ್ಕಿರು, ಪದ್ಧತಿ ಐತಿ," ಎಂದು ಕೈ ಬಿಡಿಸಿಕೊಂಡರು. ನನಗೆ ಸಿಟ್ಟು ಬಂದು ಅವತ್ತು ಊಟವೇ ಸೇರಲಿಲ್ಲ.

ಅವರು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದದ್ದು ಸಾವಿನ ಮನೆಯಲ್ಲಿ. ಹಾಡಿ ಅಳುವುದಕ್ಕೆ ನಮ್ಮತ್ತೆಯನ್ನು ಮೀರಿಸಿದವರು ಕೂಡ್ಲಿಗಿ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಸತ್ತವನ ಒಳ್ಳೆಯತನವನ್ನೆಲ್ಲ ಒಂದೊಂದಾಗಿ ಹೆಕ್ಕಿ, ರಾಗವಾಗಿ ಹೇಳಿ, ನಡುನಡುವೆ ಅವನನ್ನೇ ಬೈದು, ಕಲ್ಲಿನಂಥವರನ್ನೂ ಅಳಿಸಿಬಿಡುತ್ತಿದ್ದರು. ಬದುಕಿದ್ದಾಗ ಯಾರನ್ನೂ ಹೊಗಳುತ್ತಿರಲಿಲ್ಲ. ಅದೆಲ್ಲವನ್ನೂ ಕೂಡಿಟ್ಟುಕೊಂಡು ಸತ್ತ ಮೇಲೆ ಕೊಡುತ್ತಿದ್ದರು.

ಓಮಕ್ಕನ ಕುಟುಂಬ ಪ್ರತಿವರ್ಷ ಓಣಂ ಹಬ್ಬಕ್ಕೆ ಊರಿಗೆ ಹೋಗಿ ಬರುತ್ತಿತ್ತು. ಹೋಗುವಾಗ ಕುಣಿಯುತ್ತ ಹೋಗುವಳು, ಬರುವಾಗ ಇನ್ನಷ್ಟು ಕುಣಿಯುತ್ತ ಬರುವಳು. ಅಲ್ಲಿ ನಾದಿನಿಯರು ಅವಳು ಮಾತಿಗೊಮ್ಮೆ 'ರೀ' ಹಚ್ಚುವುದನ್ನೂ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದನ್ನೂ ಆಡಿಕೊಳ್ಳುತ್ತಿದ್ದರಂತೆ.

"ಅಲ್ಲಿ ಹೋದ್ರ ಕನ್ನಡದಾಕಿ, ಇಲ್ಲಿ ಬಂದ್ರ ಕೇರಳದಾಕಿ," ಎಂದು ಒಂದು ಸಲ ಬಸ್ಸಿಳಿದವಳೇ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು. "ನನ್ನ ಸ್ವಂತ ಊರು ಅಂದ್ರ ನಡುವಿನ ಬಸ್ಸಿನ ಸೀಟು ಅಷ್ಟ ನೋಡು, ಪುಷ್ಪಾ."

"ನನಗ ಆ ಸೀಟೂ ಇಲ್ಲ," ಎಂದೆ ನಾನು. "ಕೊಟ್ಟೂರಿಗೆ ನಿಂತ್ಕೊಂಡೇ ಹೋಗಿ ಬರ್ತೀನಿ." ಇಬ್ಬರೂ ನಕ್ಕೆವು.

ವೇಲಪ್ಪ ಮಾತ್ರ ಇದನ್ನು ನಗೆಯಾಗಿ ತೆಗೆದುಕೊಂಡವನಲ್ಲ. ಅವನು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಕೇರಳದವರಿಗೆ ಎಲ್ಲಿ ದುಡಿದರೂ ಮನೆ ಊರಿನಲ್ಲೇ ಆಗಬೇಕು. ಆ ಮನೆ ಲಿಂಟಲ್ ಮಟ್ಟಕ್ಕೆ ಬಂದಾಗಿನಿಂದ ಅವನ ಬಾಯಲ್ಲಿ ಒಂದೇ ಮಾತು: ಅಂಗಡಿ ಮುಚ್ಚಿ ಎಲ್ಲರೂ ಹಿಂದಿರುಗುವುದು. ಓಮಕ್ಕ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುವ ಧೈರ್ಯವೂ ಇರಲಿಲ್ಲ. ಅತ್ತೆಯ ಕಿವಿಗೆ ಮಾತ್ರ ಈ ಮಾತು ಬೀಳದಂತೆ ನಾವೆಲ್ಲ ನೋಡಿಕೊಂಡಿದ್ದೆವು. ಅವರು ಊರಲ್ಲಿಲ್ಲದ ಒಂದು ಸಂಜೆ ನಮ್ಮ ಕಟ್ಟೆಯ ಮೇಲೇ ವಾದವಾಯಿತು.

"ಬಿಂದು ಸ್ಕೂಲು ಇಲ್ಲೈತಿ, ನನ್ನ ಮಷಿನ್ ಇಲ್ಲೈತಿ, ಅಮ್ಮ ಇಲ್ಲೇ ಅದಾರ," ಎಂದಳು ಓಮಕ್ಕ. ನಮ್ಮತ್ತೆಯನ್ನು ಅವಳು ಅಮ್ಮ ಎನ್ನುತ್ತಿದ್ದಳು.

ವೇಲಪ್ಪ ನನ್ನ ಗಂಡನ ಕಡೆ ತಿರುಗಿದ. "ಸೋಮಣ್ಣ, ನೀವೇ ಹೇಳಿ. ನಾಳೆ ಇಲ್ಲಿ ನಾನು ಸತ್ತುಹೋದೆ. ಹೊರೋದಿಕ್ಕೆ ನಾಲ್ಕು ಜನ ಬರ್ತಾರಾ? ಇದು ನಮ್ಮ ಊರಲ್ಲ. ಟೈರಿಗೆ ಗಾಳಿ ಬೇಕಿದ್ದರೆ ಬರ್ತಾರೆ, ಅಷ್ಟೇ."

"ಯಾಕ ಬರಂಗಿಲ್ಲ," ಎಂದ ನನ್ನ ಗಂಡ. ಆದರೆ ಬೇಗ ಹೇಳಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ಆ ಸ್ವಲ್ಪ ಹೊತ್ತೇ ಸಾಕಾಯಿತು. ವೇಲಪ್ಪ ಲೋಟ ಕೆಳಗಿಟ್ಟು ಎದ್ದುಹೋದ. ಓಮಕ್ಕ ನನ್ನ ಮುಖ ನೋಡಿದಳು, ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ತೊಂಬತ್ತೆಂಟರ ಓಣಂ ಬಂತು. ಆ ವರ್ಷ ಬಿಂದುವಿಗೆ ಪರೀಕ್ಷೆ ಇದ್ದುದರಿಂದ ವೇಲಪ್ಪ ಒಬ್ಬನೇ ಮನೆಯ ಕೆಲಸ ಮುಗಿಸಲು ಊರಿಗೆ ಹೋಗಿದ್ದ. ಹಬ್ಬದ ಹಿಂದಿನ ದಿನ ನಮ್ಮ ಮನೆಯ ಫೋನಿಗೆ ಅವನ ಕರೆ ಬಂತು. ನಾನೇ ಓಮಕ್ಕನನ್ನು ಕರೆದೆ. ಅವರ ಭಾಷೆಯಲ್ಲಿ ಮಾತಾಡಿದರು, ನನಗೇನು ತಿಳಿಯಬೇಕು? ಫೋನ್ ಇಟ್ಟವಳು ಮುಖ ಸಣ್ಣ ಮಾಡಿಕೊಂಡು ಹಿತ್ತಲಿಗೆ ಹೋದಳು. ಮನೆ ಮುಗಿಯಿತು, ಲಾರಿ ಹಿಡಿದು ನಾಳೆ ಬರುತ್ತೇನೆ, ಸಾಮಾನು ಕಟ್ಟು ಎಂದು ಅವನು ಹೇಳಿದ್ದನಂತೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಈ ಊರಿನಲ್ಲಿ ಇದೇ ಕಡೆಯ ಹಬ್ಬ, ನಮ್ಮನ್ನೆಲ್ಲ ಕರೆದು ಉಣ್ಣಿಸಿಬಿಡಬೇಕು ಎಂದುಕೊಂಡಳಂತೆ. ಬೆಳಗಾಗುವ ಮೊದಲೇ ಎದ್ದು ಅಡುಗೆಗೆ ನಿಂತಳು. ತಲೆಗೆ ಎರೆದುಕೊಂಡು ಒದ್ದೆ ಕೂದಲನ್ನು ಹಾಗೇ ಬಿಟ್ಟಳು. ಹಣೆಗೆ ಗಂಧ ಹಚ್ಚಿದಳು. ಪೆಟ್ಟಿಗೆಯ ತಳದಿಂದ ತನ್ನ ಹಬ್ಬದ ಸೀರೆ ತೆಗೆದು ಉಟ್ಟಳು. ಅವರ ಕಡೆ ಮದುವೆಗೂ ಹಬ್ಬಕ್ಕೂ ಅದೇ ಶುಭ: ಹಾಲಿನ ಬಣ್ಣದ ಸೀರೆ, ಅಂಚಿಗೆ ಬೆರಳಗಲ ಜರಿ. ಕಾಯಿಹಾಲು ಹಿಂಡಲು ಅಡ್ಡವಾಗುತ್ತದೆಂದು ಗಾಜಿನ ಬಳೆಗಳನ್ನು ಬಿಚ್ಚಿ ಗೂಡಿನಲ್ಲಿಟ್ಟಳು. ಬಾಗಿಲ ಮುಂದೆ ಹೂವಿನ ಎಸಳುಗಳಿಂದ ದುಂಡಗೆ ರಂಗೋಲಿ ಹಾಕಿದಳು. ಒಳಗೆ ದೀಪ ಹಚ್ಚಿ, ಅದರ ಮುಂದೆ ಒಂದು ಬಾಳೆಲೆಯಲ್ಲಿ ಅನ್ನ, ಪಲ್ಯ ಬಡಿಸಿಟ್ಟಳು. ಮೊದಲ ಎಲೆ ಗಣಪತಿಗೆ ಎಂದು ಅವರ ಪದ್ಧತಿ.

ಸೆಗಣಿ ತಟ್ಟಲು ಹಿತ್ತಲಿಗೆ ಹೋದ ನಮ್ಮತ್ತೆ ಇದನ್ನೆಲ್ಲ ಒಟ್ಟಿಗೆ ಕಂಡರು. ಬಿಳಿ ಸೀರೆ. ಬಿಚ್ಚಿದ ಕೂದಲು. ಕುಂಕುಮವಿಲ್ಲದ ಹಣೆ. ಗಾಜಿನ ಬಳೆಯಿಲ್ಲದ ಕೈ. ನೆಲದ ಮೇಲೆ ಹೂವು. ದೀಪದ ಮುಂದೆ ಎಡೆ. ಓಮಕ್ಕನಿಗೋ, ಅತ್ತೆಯ ಮುಖ ಕಂಡದ್ದೇ ತಡ, ಇವರನ್ನು ಬಿಟ್ಟು ಹೋಗಬೇಕಲ್ಲ ಎಂದು ದುಃಖ ಉಕ್ಕಿತು. ಅವರ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು.

"ಯಪ್ಪಾ! ಹೋದ್ಯಾ ನನ್ನಪ್ಪಾ ವೇಲಪ್ಪಾ!" ಎಂದು ನಮ್ಮತ್ತೆ ಕೂಗಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿತಂತೆ.

ಈಗ ನೋಡಿ ಗಮ್ಮತ್ತು. ಊರಿನಿಂದ ಫೋನ್ ಬರುವುದು ನಮ್ಮ ಮನೆಗೆ. ಅತ್ತೆ ಹಾಗೆ ಕೂಗಿದ್ದನ್ನು ಕೇಳಿ ಓಮಕ್ಕ, ಇವರಿಗೆ ಸುದ್ದಿ ಬಂದಿದೆ, ದಾರಿಯಲ್ಲಿ ಲಾರಿ ಪಲ್ಟಿಯಾಗಿದೆ ಎಂದುಕೊಂಡಳು. ಎದೆ ಬಡಿದುಕೊಂಡು ಬಿದ್ದಳು. ಅವಳು ಬಿದ್ದದ್ದನ್ನು ನೋಡಿ ನಮಗೆ ಇದ್ದ ಅನುಮಾನವೂ ಹೋಯಿತು. "ನಿನ್ನೆ ಫೋನ್ ಬಂದಾಗಿಂದ ಮುಖ ಸಣ್ಣ ಮಾಡ್ಯಾಳ," ಎಂದು ಸಾಕ್ಷಿ ಹೇಳಿದ ಜಾಣೆ ನಾನೇ. ಮಣ್ಣೇ ಆಗದೆ ಎಡೆ ಇಡುವುದು ಹೇಗೆ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಆ ಹೊತ್ತಿಗೆ ನಮ್ಮ ವೇಲಪ್ಪ ಚಿತ್ರದುರ್ಗದ ಈಚೆ, ಗುರುತಿನ ಲಾರಿಯೊಂದರ ಕ್ಯಾಬಿನ್ನಿನಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ.

ಓಣಿ ತುಂಬ ಜನ ಸೇರಿದರು. ಅತ್ತೆ ಹೊಸ್ತಿಲಲ್ಲಿ ಕೂತು ಹಾಡಿ ಅಳತೊಡಗಿದರು.

"ದೇಶ ಬಿಟ್ಟು ದೇಶಕ್ಕ ಬಂದು ನಮ್ಮ ಓಣಿ ಮಗ ಆದ್ಯಲ್ಲೋ ನನ್ನಪ್ಪಾ! ಅವೇಳ್ಯಾಗ ಎಬ್ಬಿಸಿದ್ರೂ ಮುಖ ಗಂಟು ಹಾಕದಂಗ ಗಾಳಿ ತುಂಬತಿದ್ಯಲ್ಲೋ! ನನ್ನ ಬಾಯಿಗೆ ಹೆದರಿ ಶೆಡ್ಡಿನ್ಯಾಗ ಕದ್ದು ಮೀನ ಮಾಡ್ಕೊಂಡು ತಿಂದ್ಯಲ್ಲೋ! ನನಗ ಗೊತ್ತಿತ್ತೋ ನನ್ನಪ್ಪಾ, ಗೊತ್ತಿದ್ದೂ ಅನ್ನಲಿಲ್ಲೋ! ಮನ್ಯಾಗ ಕುಂತು ಉಣ್ಣು ಅಂತ ಒಂದ ಮಾತು ಅನ್ನಲಿಲ್ಲಲ್ಲೋ ಈ ಪಾಪಿ!"

ಭಾನುವಾರ ಭಾನುವಾರ ಓಮಕ್ಕ ಬುತ್ತಿ ಹಿಡಿದು ಶೆಡ್ಡಿಗೆ ಹೋಗುತ್ತಿದ್ದುದು ಯಾಕೆಂದು ನನಗೆ ತಿಳಿದದ್ದೇ ಆಗ. ಅತ್ತೆಗೆ ಏಳು ವರ್ಷದಿಂದ ಗೊತ್ತಿತ್ತು! ಹೊಲದ ಕೂಲಿಕಾರರಿಂದ ಹಿಡಿದು ಪಂಚಾಯ್ತಿ ಮೆಂಬರನವರೆಗೆ ಎಲ್ಲರೂ ಅತ್ತರು. ನಾನೂ ಸೆರಗು ಒದ್ದೆಯಾಗುವಂತೆ ಅತ್ತುಬಿಟ್ಟೆ.

ನನ್ನ ಗಂಡ ಕೇರಳಕ್ಕೆ ಫೋನ್ ಹಚ್ಚಿದ. ಹಬ್ಬದ ದಿನ, ದೇಶದ ಮಲಯಾಳಿಗಳೆಲ್ಲ ಮನೆಗೆ ಫೋನ್ ಮಾಡುವ ದಿನ. ಈ ಮಾರ್ಗದ ಎಲ್ಲ ಸಾಲುಗಳು ಕಾರ್ಯನಿರತವಾಗಿವೆ ಎಂದು ಹೆಂಗಸಿನ ದನಿ ಹೇಳಿದ್ದನ್ನೇ ಹೇಳಿತು. ಕಡೆಗೆ ನಮ್ಮ ಅಂಗಡಿಯ ಹಮಾಲಿ ಗಾಳೆಪ್ಪ ಎದ್ದು ನಿಂತ.

"ಫೋನ್ ಬಿಡ್ರಿ ಸಾವ್ಕಾರ್ರ. ಮಣ್ಣಿಗೆ ಹೋಗೋದು ಹೋಗೋದೇ. ಅಲ್ಲಿ ನಮ್ಮ ಕಡೆಯೋರು ಒಬ್ಬರೂ ಇಲ್ಲಂದ್ರ ಅವನಿಗೆ ಹೆಂಗಾದೀತು?"

'ನಮ್ಮ ಕಡೆಯೋರು' ಎಂದ ನೋಡಿ, ಅವನ ಊರಿಗೇ ಹೋಗುತ್ತಿದ್ದರೂ. ಬಾಡಿಗೆ ಗಾಡಿ ಓಡಿಸುವ ಹುಲುಗಣ್ಣ ತನ್ನ ಟ್ರ್ಯಾಕ್ಸ್ ಜೀಪು ತಂದ. ಹತ್ತು ಜನ ಹಿಡಿಯುವ ಗಾಡಿಗೆ ಊರೇ ಹತ್ತಲು ನೋಡಿತು. ನಾನು ಬರ್ತೀನಿ, ನೀ ಇಳಿ, ನನಗೆ ಅವನು ಅಣ್ಣನಿದ್ದಂಗ, ನಿನಗೇನು ಎಂದು ಅಳುತ್ತಲೇ ಜಗಳವಾಡಿದರು. ಅಂಜಿನಕ್ಕ ಆ ದಿನ ಹಡಗಲಿಯಿಂದ ಬಸ್ಸಿಗೆ ಬಂದ ಮಲ್ಲಿಗೆಯನ್ನೆಲ್ಲ ಮಾರುವುದು ಬಿಟ್ಟು ದಪ್ಪನೆಯ ಮಾಲೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕೇರಳದಲ್ಲಿ ಯಾವ ಊರು ಎಂದು ಹುಲುಗಣ್ಣ ಕೇಳಿದ್ದಕ್ಕೆ ಗಾಳೆಪ್ಪ, "ಮೊದಲ ಬೆಂಗಳೂರು ದಾಟು, ಆಮ್ಯಾಲೆ ಕೇಳ್ಕೋತ ಹೋದ್ರಾತು," ಎಂದ. ನನ್ನ ಗಂಡ, ಬಿಂದುವನ್ನು ಕರೆದುಕೊಂಡು ಹೆದ್ದಾರಿಯಲ್ಲೇ ಗಾಡಿ ಹತ್ತುತ್ತೇನೆಂದು ಸ್ಕೂಲಿಗೆ ಹೋದ.

ಗಾಡಿ ಓಣಿ ದಾಟಿ ಹೆದ್ದಾರಿಗೆ ಬಂತು, ಸರಿಯಾಗಿ ವೇಲಪ್ಪನ ಶೆಡ್ಡಿನ ಮುಂದೆ ಹಿಂದಿನ ಟೈರು ಕೂತುಬಿಟ್ಟಿತು. ಅಷ್ಟು ಭಾರ ಹೊತ್ತು ಅದಾದರೂ ಏನು ಮಾಡೀತು? ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ವೇಲಪ್ಪ ಊರಿನಿಂದ ಬಂದ ಮೇಲೆ ರಿಪೇರಿ ಮಾಡಿಸಿದರಾಯಿತೆಂದು ಹುಲುಗಣ್ಣ ಅದನ್ನು ಹಾಗೇ ಇಟ್ಟುಕೊಂಡಿದ್ದ.

"ಅಂವ ಇದ್ದಿದ್ರ ಒಂದು ಬೀಡಿ ಸೇದೋದ್ರಾಗ ಹಾಕ್ತಿದ್ದ," ಎಂದು ಚಹಾದಂಗಡಿಯ ಮೈಲಪ್ಪ ಕಣ್ಣೊರೆಸಿಕೊಂಡ. ಅದನ್ನು ಕೇಳಿ ಗಾಡಿಯೊಳಗೆ ಮತ್ತೊಮ್ಮೆ ಅಳು ಎದ್ದಿತು. ಓಮಕ್ಕ ಅತ್ತೆಯ ತೊಡೆಯ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದಳು. ಗಾಳೆಪ್ಪ ಕೆಳಗಿಳಿದು, ನಮಗೆ ಬೆನ್ನು ಹಾಕಿ, ಯಾವುದಾದರೂ ಲಾರಿ ನಿಲ್ಲಿಸಿ ಸಹಾಯ ಕೇಳಲು ಕೈ ಅಡ್ಡ ಹಿಡಿದು ನಿಂತ.

ನಾನು ಹಿಂದಿನ ಬಾಗಿಲ ಬಳಿ ಕೂತಿದ್ದೆ. ರಸ್ತೆಯ ಆಚೆ ಒಂದು ಲಾರಿ ನಿಂತು, ಯಾರನ್ನೋ ಇಳಿಸಿ ಹೋಯಿತು. ಮುಖ ಮರೆಯಾಗುವಂತೆ ಹೆಗಲ ಮೇಲೆ ದೊಡ್ಡ ಬಾಳೆಗೊನೆ ಹೊತ್ತ ಒಬ್ಬ ಈಚೆ ಬಂದ. ಗೊನೆ ಕೆಳಗಿಟ್ಟ. ಕೂತ ಟೈರನ್ನು ನೋಡಿದ. ಯಾರು, ಏನು ಎಂದು ಕೇಳದೆ, ಶೆಡ್ಡಿನ ಬೀಗ ತೆಗೆದು, ಜಾಕು ಸ್ಪ್ಯಾನರು ತಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ವೇಲಪ್ಪ! ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ.

"ಎಲ್ಲಾರೂ ಎಲ್ಲಿಗೆ? ಮದುವೆಗಾ?" ಎಂದ ವೇಲಪ್ಪ, ನಟ್ಟು ತಿರುಗಿಸುತ್ತ.

"ಮದುವಿ ಎಲ್ಲಿದು ತಗಿ. ಮಣ್ಣಿಗೆ," ಎಂದ ಗಾಳೆಪ್ಪ, ರಸ್ತೆ ನೋಡುತ್ತಲೇ.

"ಯಾರದು?"

"ನಮ್ಮ ವೇಲಪ್ಪಂದು. ಕೇರಳಕ್ಕ ಹೊಂಟೀವಿ."

ಸ್ಪ್ಯಾನರು ನಿಂತಿತು. "ಯಾವ ವೇಲಪ್ಪ?"

"ಊರಾಗ ಎಷ್ಟು ಮಂದಿ ವೇಲಪ್ಪರು ಅದಾರ? ಪಂಕ್ಚರ್ ವೇಲಪ್ಪ. ಭಾಳ ಚಲೋ ಮನುಷ್ಯ."

"ಅಯ್ಯೋ ಪಾಪ," ಎಂದ ವೇಲಪ್ಪ, ನಿಜವಾಗಿಯೂ ಮರುಗಿ. "ಯಾವಾಗ ಸತ್ತ?"

ಆಗ ಗಾಳೆಪ್ಪ ತಿರುಗಿದ. ಕೂಗಲಿಲ್ಲ, ಓಡಲಿಲ್ಲ. ನೆಟ್ಟಗೆ ಮೈಲಪ್ಪನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತು ಒಂದು ಚೊಂಬು ನೀರು ಕುಡಿದ. ನನಗೆ ದನಿ ಬಂದದ್ದು ಆಗಲೇ, ಬಂದದ್ದು ನಗೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಲ್ಲರೂ ಸೊಸೆಗೆ ಹುಚ್ಚು ಹಿಡಿಯಿತೆಂದು ನನ್ನತ್ತ ನೋಡಿದರು, ನಾನು ಬೆರಳು ಮಾಡಿ ಚಕ್ರದ ಕಡೆ ತೋರಿಸಿದೆ.

ಓಮಕ್ಕ ಹೇಗೆ ಇಳಿದಳೋ ತಿಳಿಯದು. ಮೊದಲು ಅವನ ಎದೆಗೆ ಎರಡು ಗುದ್ದಿದಳು, ಆಮೇಲೆ ತಬ್ಬಿಕೊಂಡಳು, ಹೆದ್ದಾರಿಯಲ್ಲಿ, ಊರಿನ ಎದುರು. ಅತ್ತೆ ಕಡೆಗೆ ಇಳಿದರು. ಅವರು ನೋಡಿದ್ದು ಅವನ ಮುಖವನ್ನಲ್ಲ, ಪಾದಗಳನ್ನು. ದೆವ್ವದ ಪಾದ ಹಿಂದಕ್ಕೆ ತಿರುಗಿರುತ್ತದೆಯಲ್ಲ. "ಮುಂದಕ್ಕ ಅದಾವ," ಎಂದು ಎಲ್ಲರಿಗೂ ಸಾರಿ, ಅವನ ಕೆನ್ನೆಗೆ ಮೆಲ್ಲಗೆ ಒಂದು ಬಿಟ್ಟರು.

ಯಾರು ಯಾರಿಗೆ ಹೇಳಿದರು ಎಂಬ ವಿಚಾರಣೆ ಅಲ್ಲೇ ನಡೆಯಿತು. ನೀವು ಹೇಳಿದಿರಿ ಎಂದಳು ಓಮಕ್ಕ. ನೀ ಬಿಳಿ ಸೀರಿ ಉಟ್ಟಿದ್ದಿ ಎಂದರು ಅತ್ತೆ. ಬಿಳಿ ನಮಗೆ ಹಬ್ಬದ್ದಮ್ಮಾ ಎಂದಳು ಇವಳು. ಅತ್ತೆ ಆ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು, ಜರಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. "ಹಬ್ಬಕ್ಕ?" ಎಂದು ಇನ್ನೊಮ್ಮೆ ಕೇಳಿದರು.

ಅಂಜಿನಕ್ಕ ಮಾಲೆಯನ್ನು ವೇಲಪ್ಪನ ಕೊರಳಿಗೆ ಹಾಕಹೋದಳು. ಅತ್ತೆ ಕಸಿದುಕೊಂಡು, "ಹೆಣಕ್ಕ ಕಟ್ಟಿದ್ದನ್ನ ಬದುಕಿದಂವಗ ಹಾಕ್ತೀಯೇನ!" ಎಂದು ಗದರಿದರು. ಓಮಕ್ಕ ಅದನ್ನು ಇಸಿದುಕೊಂಡು ಮನೆಗೆ ತಂದು, ದಾರ ಬಿಚ್ಚಿ, ಜನರ ಕಾಲಿಗೆ ಸಿಕ್ಕು ಚೆದುರಿಹೋಗಿದ್ದ ರಂಗೋಲಿಯನ್ನು ಆ ಮಲ್ಲಿಗೆಯಿಂದಲೇ ಮತ್ತೆ ಹಾಕಿದಳು. ಗೂಡಿನಲ್ಲಿದ್ದ ಬಳೆಗಳನ್ನು ಅತ್ತೆ ಎದುರು ಕೂತು ತೊಡಿಸಿದರು.

ಮಣ್ಣಿಗೆ ಹೊರಟಿದ್ದವರೆಲ್ಲ ಊಟಕ್ಕೆ ಕೂತರು. ಅವಳ ಅಡುಗೆ ಅಷ್ಟು ಮಂದಿಗೆ ಎಲ್ಲಿ ಸಾಲಬೇಕು? ಮನೆಮನೆಯಿಂದ ರೊಟ್ಟಿ ಬಂದವು, ಕಾಳು ಪಲ್ಯ ಬಂತು. ಕೊಬ್ಬರಿ ಎಣ್ಣೆಯ ಅವಿಯಲ್ ಪಲ್ಯವನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದ ಅಂಜಿನಕ್ಕ, ಇನ್ನಷ್ಟು ಹಾಕು ಎಂದು ಎಲೆ ತೋರಿಸಿದಳು. ಸ್ಕೂಲಿನಿಂದ ಬಂದ ಬಿಂದುವಿಗೆ ಏನಾಯಿತೆಂದು ಹೇಳುವವರೇ ಹತ್ತು ಜನ.

ಬೆಳಗಿನಿಂದ ನಾವು ಏನೇನು ಹೇಳಿ ಅತ್ತೆವೆಂಬುದೆಲ್ಲ ವೇಲಪ್ಪನಿಗೆ ಬಾಯಿಂದ ಬಾಯಿಗೆ ಮುಟ್ಟಿತ್ತು. ಅವನು ಅತ್ತೆಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ: "ಅಮ್ಮಾ, ಹಾಗಾದರೆ ಇನ್ನು ಮೇಲೆ ಮೀನು ಮನೆಯಲ್ಲೇ ಮಾಡಬಹುದಾ?"

"ಅದು ಸತ್ತೋರಿಗೆ ಅಂದ ಮಾತು," ಎಂದರು ಅತ್ತೆ. "ಬದುಕಿದೋರಿಗೆ ಶೆಡ್ಡೇ."

ನಗು ಇಳಿದ ಮೇಲೆ ಅವನು ನನ್ನ ಗಂಡನನ್ನು ಕೇಳಿದ. "ಸೋಮಣ್ಣ, ಆ ಗಾಡಿಯಲ್ಲಿ ಎಷ್ಟು ಜನ ಇದ್ದರು?"

ನನ್ನ ಗಂಡ ಈ ಸಲ ತಡ ಮಾಡಲಿಲ್ಲ. "ಗಾಡಿ ಹಿಡಿದಷ್ಟು. ಉಳಿದೋರು ಹಿಂದ ಬಸ್ಸಿಗೆ ಬರೋರಿದ್ರು."

ವೇಲಪ್ಪ ಎಲೆಯ ಮೇಲೆ ಬೆರಳಾಡಿಸುತ್ತ ಕೂತ. ಅಷ್ಟು ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ತುಂಬಿತ್ತು. ಬಡಿಸುತ್ತಿದ್ದ ಹೆಂಡತಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಓಮಕ್ಕ ಸೌಟು ಕೆಳಗಿಟ್ಟು, ಅತ್ತೆಯ ಮುಂದೆ ಬಂದು ಕೂತಳು.

"ಅಮ್ಮಾ, ಆ ಮನ್ಯಾಗ ಇವರ ಅವ್ವ, ತಮ್ಮ ಇರ್ತಾರಂತ. ನಾವು ಇಲ್ಲೇ ಅಂತ."

"ಮತ್ತ ಎಲ್ಲಿಗೆ ಹೋಗಾಕ ಹೊಂಟಿದ್ರಿ?" ಎಂದರು ಅತ್ತೆ. ಅವರಿಗೆ ಅದುವರೆಗೂ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಇಬ್ಬರನ್ನೂ ಸೇರಿಸಿ ಬೈದರು.

ಆ ಮನೆಯ ಗೃಹಪ್ರವೇಶಕ್ಕೆ ನಾವು ಹೋದೆವು, ಹುಲುಗಣ್ಣನ ಅದೇ ಟ್ರ್ಯಾಕ್ಸಿನಲ್ಲಿ, ಮಣ್ಣಿಗೆ ಹೊರಟಿದ್ದ ಬಹುತೇಕ ಅದೇ ಜನ. ಈ ಸಲ ಸ್ಟೆಪ್ನಿಗೆ ವೇಲಪ್ಪ ತಾನೇ ಗಾಳಿ ತುಂಬಿದ. ಬೆಳಿಗ್ಗೆ ಅಂಗಳದಲ್ಲಿ ಸೇರಿದ್ದ ಹೆಂಗಸರನ್ನು ಕಂಡು ಅತ್ತೆ ನನ್ನ ತೋಳು ಹಿಡಿದುಕೊಂಡರು. ಮದುಮಗಳಂಥ ಹುಡುಗಿಯರಿಂದ ಮುದುಕಿಯರವರೆಗೆ ಎಲ್ಲರೂ ಬಿಳಿ ಸೀರೆಯಲ್ಲಿ ನಗುತ್ತ ಓಡಾಡುತ್ತಿದ್ದರು. ಓಮಕ್ಕ ಅಂಥದೇ ಒಂದು ಸೀರೆ ತಂದು ಅತ್ತೆಗೆ ಉಡಿಸಿದಳು. ಇವರೆಲ್ಲ ಯಾರು ಎಂದು ಅವಳ ನಾದಿನಿ ಕೇಳಿದಳು, ಓಮಕ್ಕ ಅವರ ಭಾಷೆಯಲ್ಲಿ ಉತ್ತರ ಕೊಟ್ಟಳು. ನಾನು ಅರ್ಥ ಕೇಳಿದೆ.

"ನಮ್ಮೂರ ಮಂದಿ ಅಂದೆ," ಎಂದಳು. ಹುಟ್ಟಿದ ನಾಡಿನ ಅಂಗಳದಲ್ಲಿ ನಿಂತು ಹಾಗೆಂದಳು.

ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವ ಹೊತ್ತಾಯಿತು. ಅತ್ತೆ ಅಭ್ಯಾಸದಂತೆ ಬಾಗಿಲ ಹಿಂದೆ ಸರಿದಿದ್ದರು. ಓಮಕ್ಕ ಹೋಗಿ ಕೈ ಹಿಡಿದು ಒಲೆಯ ಮುಂದೆ ಕರೆತಂದಳು. ಅಂದು ನಾನು ಎಳೆದಾಗ ಬರದವರು ಇಲ್ಲಿ ಬಂದರು. ಸುತ್ತ ಒಮ್ಮೆ ನೋಡಿದರು, ಎಲ್ಲರದೂ ಅವರಂಥದೇ ಸೀರೆ. ಪಾತ್ರೆಗೆ ಹಾಲು ಹೊಯ್ದರು, ಅದು ಉಕ್ಕಿತು.

ಮರುವರ್ಷ ನನಗೆ ಮಗಳು ಹುಟ್ಟಿದಳು. ತೊಟ್ಟಿಲ ದಿನ ಕೊಟ್ಟೂರಿನಿಂದ, ಹಡಗಲಿಯಿಂದ ನೆಂಟರೆಲ್ಲ ಬಂದು ಕೂತಿದ್ದರು. ಒಳಗಿನಿಂದ ಅತ್ತೆ ಬಂದರು, ಜರಿಯಂಚಿನ ಆ ಸೀರೆಯುಟ್ಟು, ಹಿಂದೆ ಓಮಕ್ಕ. ನೆಟ್ಟಗೆ ತೊಟ್ಟಿಲ ಬಳಿ ಹೋಗಿ ಕೂಸನ್ನು ಎತ್ತಿಕೊಂಡರು. ಎರ್ರೆಮ್ಮ ಎಂಬ ನಮ್ಮ ದೊಡ್ಡತ್ತೆಗೆ ತಡೆಯಲಾಗಲಿಲ್ಲ.

"ಏನ ಕೊಟ್ರಬಸಿ, ಬಿಳಿ ಸೀರಿ ಉಟ್ಟು ತೊಟ್ಟಿಲ ಮುಂದ ಬಂದೀಯಲ್ಲ!"

ನಮ್ಮತ್ತೆ ಮೊಮ್ಮಗಳ ಕಿವಿಯಲ್ಲಿ ಮೊದಲು ಹೆಸರು ಹೇಳಿದರು. ಆಮೇಲೆ ತಲೆಯೆತ್ತಿ ಸೆರಗು ಸರಿಮಾಡಿಕೊಂಡರು.

"ಕಣ್ಣು ತಗದು ನೋಡಬೇ," ಎಂದರು. "ಇದು ಬಿಳಿ ಸೀರಿ ಅಲ್ಲ, ಕೇರಳದ ಸೀರಿ."